ಕಡ್ಡಿಯಿಂದ ಬೋನ್ಸಾಯ್: ಚೈನೀಸ್ ಎಲ್ಮ್ ಬೆಳೆಸಿ, ಕತ್ತರಿಯಲ್ಲೇ ರೂಪ ಕೊಡುವುದು ಹೇಗೆ?

ಬೋನ್ಸಾಯ್ ಶುರು ಮಾಡುತ್ತೇನೆ ಅಂದವರಿಗೆ ನಮ್ಮಲ್ಲಿ ಮೊದಲು ಸಿಗುವ ಸಲಹೆ ಆಲ, ಗೋಣಿ, ಇಲ್ಲವೇ ಫೈಕಸ್ ಜಾತಿಯ ಇನ್ನಾವುದೋ ಗಿಡ. ತಪ್ಪೇನಿಲ್ಲ, ಅವು ಏನು ಮಾಡಿದರೂ ಬದುಕುತ್ತವೆ. ಆದರೆ ಸಣ್ಣ ಎಲೆ, ನವಿರಾದ ರೆಂಬೆ, ಒಂದಡಿ ಎತ್ತರದಲ್ಲೇ ಹಳೆಯ ಮರದ ಗತ್ತು ಬೇಕು ಅಂದರೆ ಚೈನೀಸ್ ಎಲ್ಮ್ ಬೆಳೆಸಿ ನೋಡಿ. ಸಸ್ಯಶಾಸ್ತ್ರದಲ್ಲಿ ಇದು ಅಲ್ಮಸ್ ಪಾರ್ವಿಫೋಲಿಯಾ. ಚೀನಾ, ಜಪಾನ್, ಕೊರಿಯಾ, ತೈವಾನ್ ಕಡೆಯ ಮರ. ನಮ್ಮ ತಪಸಿ ಮರವೂ ಇದೇ ಕುಟುಂಬದ್ದೇ. ಆದರೆ ತಪಸಿಯ ಎಲೆ ದೊಡ್ಡದು, ಆಳವಿಲ್ಲದ ಬೋನ್ಸಾಯ್ ತಟ್ಟೆಯ ಗಿಡಕ್ಕೆ ಹೊಂದುವುದಿಲ್ಲ. ಚೈನೀಸ್ ಎಲ್ಮ್ ಎಲೆ ನೆಲದ ಮರದಲ್ಲೇ 2ರಿಂದ 5 ಸೆಂ.ಮೀ., ಕುಂಡದಲ್ಲಿ ಸವರುತ್ತಾ ಹೋದರೆ ಇನ್ನೂ ಚಿಕ್ಕದಾಗುತ್ತದೆ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಬೋನ್ಸಾಯ್ ಅಂದರೆ ತಂತಿ ಸುತ್ತಿ ಬಗ್ಗಿಸುವುದು ಅಂತ ಹೆಚ್ಚಿನವರು ತಿಳಿದಿದ್ದಾರೆ. ನಿಧಾನವಾಗಿ ಬೆಳೆಯುವ ಪೈನ್, ಜುನಿಪರ್‌ಗಳಿಗೆ ಆ ದಾರಿ ಸರಿ. ಎಲ್ಮ್‌ಗೆ ಇನ್ನೊಂದು ದಾರಿ ಇದೆ. ದಕ್ಷಿಣ ಚೀನಾದ ಗ್ವಾಂಗ್‌ಝೌ ಸುತ್ತಮುತ್ತ ಬೆಳೆದ ಲಿಂಗ್ನಾನ್ ಪದ್ಧತಿಯಲ್ಲಿ ಮುಖ್ಯ ಉಪಕರಣ ಕತ್ತರಿ. ಬೆಳೆಯಲು ಬಿಡು, ಕತ್ತರಿಸು, ಮತ್ತೆ ಬೆಳೆಯಲು ಬಿಡು, ಇಷ್ಟೇ ಅದರ ಕ್ರಮ. ಅಲ್ಲಿನ ಹವೆ ಬಿಸಿ, ಮಳೆ ಜಾಸ್ತಿ, ವರ್ಷದ ಹೆಚ್ಚಿನ ತಿಂಗಳು ಗಿಡ ಚಿಗುರುತ್ತಲೇ ಇರುತ್ತದೆ. ನಮ್ಮ ಊರುಗಳೂ ಹಾಗೇ ಅಲ್ವಾ? ಹಾಗಾಗಿ ಬೆಂಗಳೂರಿನ ಟೆರೇಸಿಗೆ ಜಪಾನಿನ ತಂತಿಗಿಂತ ಗ್ವಾಂಗ್‌ಝೌನ ಕತ್ತರಿಯೇ ಹೆಚ್ಚು ಹೊಂದುತ್ತದೆ ಅನ್ನುವುದು ನನ್ನ ಅಭಿಪ್ರಾಯ. ಈ ಲೇಖನವೂ ಅದೇ ದಾರಿಯಲ್ಲಿ ಹೋಗುತ್ತದೆ.

ಕಡ್ಡಿ ಹುಡುಕುವುದು

ಬೋನ್ಸಾಯ್ ಮಾಡುವ ಯಾರನ್ನಾದರೂ ಕೇಳಿದರೆ ಕಡ್ಡಿ ಸುಮ್ನೆ ಸಿಗುತ್ತದೆ. ಎಲ್ಮ್ ಇಟ್ಟವರು ವರ್ಷವಿಡೀ ಕತ್ತರಿಸುತ್ತಲೇ ಇರುತ್ತಾರೆ, ಆ ಕಡ್ಡಿಗಳು ಕಸದ ಬುಟ್ಟಿಗೇ ಹೋಗುತ್ತವೆ. ಯಾರೂ ಪರಿಚಯ ಇಲ್ಲದಿದ್ದರೆ ನರ್ಸರಿಯಿಂದ ಒಂದು ಚಿಕ್ಕ ಗಿಡ ತಂದು ಅದನ್ನೇ ತಾಯಿಗಿಡ ಮಾಡಿಕೊಳ್ಳಿ. ಲಾಲ್‌ಬಾಗ್‌ನಲ್ಲಿ ಜನವರಿ ಮತ್ತು ಆಗಸ್ಟ್‌ನಲ್ಲಿ ನಡೆಯುವ ಫಲಪುಷ್ಪ ಪ್ರದರ್ಶನದ ಸಮಯದಲ್ಲಿ ಹುಡುಕಿದರೆ ಈ ಹವ್ಯಾಸದವರೂ ಸಿಗುತ್ತಾರೆ, ಗಿಡ ಮಾರುವವರೂ ಸಿಗುತ್ತಾರೆ.

ಕೊಳ್ಳುವಾಗ ಎಲೆ ನೋಡಿ. ಕಾರ್ಮೋನಾ ಗಿಡವನ್ನು ಎಲ್ಮ್ ಅಂದುಕೊಂಡು ತರುವವರಿದ್ದಾರೆ. ಎಲ್ಮ್ ಎಲೆಯ ಅಂಚಿನುದ್ದಕ್ಕೂ ಗರಗಸದ ಹಲ್ಲು ಇರುತ್ತದೆ. ಎಲೆಗಳು ಕಡ್ಡಿಯ ಮೇಲೆ ಒಂದು ಬಲಕ್ಕೆ, ಒಂದು ಎಡಕ್ಕೆ ಹೀಗೆ ಸರದಿಯಲ್ಲಿ ಬರುತ್ತವೆ. ತೊಟ್ಟಿನ ಬಳಿ ಎಲೆಯ ಎರಡು ಬದಿ ಸಮ ಇರುವುದಿಲ್ಲ, ಒಂದು ಬದಿ ಸ್ವಲ್ಪ ಕೆಳಗೆ ಇಳಿದಿರುತ್ತದೆ. ಕಾರ್ಮೋನಾದ ಎಲೆ ಹೊಳೆಯುತ್ತದೆ, ತುದಿಯಲ್ಲಿ ಮಾತ್ರ ಕೆಲವು ಹಲ್ಲು, ಚಿಕ್ಕ ಬಿಳಿ ಹೂವೂ ಬಿಡುತ್ತದೆ.

ಯಾವಾಗ, ಯಾವ ಕಡ್ಡಿ

ದಕ್ಷಿಣ ಒಳನಾಡಿನಲ್ಲಿ ಜೂನ್ ಕೊನೆ, ಜುಲೈ ಒಳ್ಳೆಯ ಸಮಯ. ಗಾಳಿಯಲ್ಲಿ ತೇವ ಇರುತ್ತದೆ, ಬಿಸಿಲು ಕಡಿಮೆ, ಮಣ್ಣು ಬೆಚ್ಚಗಿರುತ್ತದೆ. ಫೆಬ್ರವರಿ ಚಿಗುರು ಸ್ವಲ್ಪ ಬಲಿತ ಮೇಲೆ ಮಾರ್ಚಿನಲ್ಲೂ ಬರುತ್ತದೆ, ಆದರೆ ಏಪ್ರಿಲ್ ಬಿಸಿಯಲ್ಲಿ ಅದನ್ನು ಕಾಪಾಡುವುದೇ ಒಂದು ಕೆಲಸ. ಡಿಸೆಂಬರ್, ಜನವರಿ ಬೇಡ.

ಪೂರ್ತಿ ಎಳೆಯ ಹಸಿರು ಕುಡಿ ಕೊಳೆಯುತ್ತದೆ. ಗಟ್ಟಿ ಹಳೆಯ ಕಟ್ಟಿಗೆ ಬೇರು ಬಿಡಲು ಸತಾಯಿಸುತ್ತದೆ. ಈ ವರ್ಷದ್ದೇ ಬೆಳವಣಿಗೆಯಾಗಿ, ಕೆಳಭಾಗ ಕಂದು ಬಣ್ಣಕ್ಕೆ ತಿರುಗಿ, ತುದಿ ಇನ್ನೂ ಹಸಿರಾಗಿರುವ ಕಡ್ಡಿ ಬೇಕು. ದಪ್ಪ 3ರಿಂದ 5 ಮಿ.ಮೀ., ಉದ್ದ 10ರಿಂದ 12 ಸೆಂ.ಮೀ. ಸ್ವಲ್ಪ ಸೊಟ್ಟಗಿರುವ ಕಡ್ಡಿ ಸಿಕ್ಕರೆ ಬಿಡಬೇಡಿ, ನಾಳೆ ಅದೇ ಕಾಂಡದ ಬಳುಕು.

ಒಂದೇ ಕಡ್ಡಿ ನೆಟ್ಟು ಕಾಯಬೇಡಿ. ಹತ್ತು ಹನ್ನೆರಡು ನೆಡಿ. ಎಲ್ಲವೂ ಬರುವುದಿಲ್ಲ, ಬಂದವುಗಳಲ್ಲೂ ಬೇರು ಚೆನ್ನಾಗಿ ಹರಡಿದ ಗಿಡವನ್ನು ಆರಿಸಿಕೊಳ್ಳಲು ಅವಕಾಶ ಬೇಕು.

ನೆಡುವ ಕ್ರಮ

1. ತೂತಿರುವ ಪ್ಲಾಸ್ಟಿಕ್ ಡಬ್ಬಿಗೆ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಮತ್ತು ಪರ್ಲೈಟ್ (ಹಗುರವಾದ ಬಿಳಿ ಖನಿಜದ ಕಾಳು) ಸಮಪಾಲು ತುಂಬಿ. ಪರ್ಲೈಟ್ ಇಲ್ಲದಿದ್ದರೆ ಜರಡಿ ಹಿಡಿದು, ಧೂಳು ಹೋಗುವಂತೆ ತೊಳೆದ ದಪ್ಪ ಎಂ-ಸ್ಯಾಂಡ್ ಆಗುತ್ತದೆ. ಕೋಕೋಪೀಟ್‌ನಲ್ಲಿ ಉಪ್ಪಿನ ಅಂಶ ಇರುತ್ತದೆ, ಎರಡು ಮೂರು ಸಲ ನೀರಲ್ಲಿ ನೆನೆಸಿ ಹಿಂಡಿ. ಈ ಹಂತದಲ್ಲಿ ಗೊಬ್ಬರ ಬೇಡವೇ ಬೇಡ.

2. ಬೆಳಿಗ್ಗೆ ಕಡ್ಡಿ ಕತ್ತರಿಸಿ, ತಕ್ಷಣ ಒದ್ದೆ ಬಟ್ಟೆಯಲ್ಲಿ ಸುತ್ತಿ. ನೆಡುವ ಮೊದಲು ಹರಿತವಾದ ಬ್ಲೇಡಿನಿಂದ ಒಂದು ಗೆಣ್ಣಿನ ಕೆಳಗೆ ಮತ್ತೆ ಕತ್ತರಿಸಿ. ಗುಲಾಬಿ, ದಾಸವಾಳಕ್ಕೆ ಓರೆಯಾಗಿ ಕತ್ತರಿಸುವ ಅಭ್ಯಾಸ ನಮಗಿದೆ. ಇಲ್ಲಿ ನೇರ, ಅಡ್ಡ ಕತ್ತರಿಸಿ. ಓರೆ ಮಾಡಿದರೆ ಬೇರು ಸಾಮಾನ್ಯವಾಗಿ ಚೂಪಾದ ತುದಿಯ ಕಡೆ ಮಾತ್ರ ಗುಂಪಾಗುತ್ತದೆ. ಅಡ್ಡ ಕತ್ತರಿಸಿದರೆ ಸುತ್ತಲೂ ಬರುವ ಸಾಧ್ಯತೆ ಜಾಸ್ತಿ. ಬೋನ್ಸಾಯ್‌ಗೆ ಬುಡದ ಸುತ್ತ ಹರಡಿದ ಬೇರೇ ಅಂದ.

3. ಕೆಳಗಿನ ಅರ್ಧದ ಎಲೆ ತೆಗೆಯಿರಿ. ಮೇಲೆ ನಾಲ್ಕೈದು ಎಲೆ ಸಾಕು. ಎಳೆಯ ತುದಿಯನ್ನು ಚಿವುಟಿ ಹಾಕಿ.

4. ಬುಡವನ್ನು ಬೇರು ಬರಿಸುವ ರೂಟಿಂಗ್ ಹಾರ್ಮೋನ್ ಪುಡಿಗೆ ಅದ್ದಿ, ಹೆಚ್ಚಾದದ್ದನ್ನು ಕೊಡವಿ. ಮೊದಲೇ ಪೆನ್ಸಿಲ್‌ನಿಂದ ತೂತು ಮಾಡಿ, ಅದರೊಳಗೆ ಕಡ್ಡಿ ಇಳಿಸಿ. ನೇರವಾಗಿ ಚುಚ್ಚಿದರೆ ಪುಡಿ ಮೇಲೆಯೇ ಉಳಿಯುತ್ತದೆ.

5. ನೀರು ಹಾಕಿ, ಪಾರದರ್ಶಕ ಕವರ್ ಅಥವಾ ಬುಡ ಕತ್ತರಿಸಿದ ನೀರಿನ ಬಾಟಲಿ ಮುಚ್ಚಿ. ಬೆಳಕಿರುವ, ಆದರೆ ನೇರ ಬಿಸಿಲು ಬೀಳದ ಜಾಗದಲ್ಲಿಡಿ. ದಿನಕ್ಕೊಮ್ಮೆ ಮುಚ್ಚಳ ತೆಗೆದು ಗಾಳಿ ಆಡಿಸಿ.

ನಾಲ್ಕರಿಂದ ಆರು ವಾರದಲ್ಲಿ ಬೇರು ಬರುತ್ತದೆ, ಕೆಲವಕ್ಕೆ ಇನ್ನೂ ಸ್ವಲ್ಪ ಹೆಚ್ಚು ದಿನ ಬೇಕು. ಎರಡನೇ ವಾರದಲ್ಲೇ ಚಿಗುರು ಕಂಡಿತು ಅಂತ ಖುಷಿಪಡಬೇಡಿ. ಕಡ್ಡಿಯಲ್ಲಿ ಉಳಿದ ಶಕ್ತಿಯಿಂದಲೂ ಅದು ಚಿಗುರುತ್ತದೆ, ಬೇರು ಇಲ್ಲದಿದ್ದರೆ ಆಮೇಲೆ ಬಾಡುತ್ತದೆ. ಎಳೆದು ನೋಡುವ ಚಪಲವನ್ನೂ ತಡೆದುಕೊಳ್ಳಿ, ಹೊಸ ಬೇರು ಅಷ್ಟಕ್ಕೇ ಮುರಿಯುತ್ತದೆ. ಪಾರದರ್ಶಕ ಡಬ್ಬಿಯಲ್ಲಿ ನೆಟ್ಟು, ಅದನ್ನು ಇನ್ನೊಂದು ಕಪ್ಪು ಡಬ್ಬಿಯೊಳಗೆ ಇಟ್ಟರೆ ಎತ್ತಿ ನೋಡಿದರೆ ಸಾಕು, ಬೇರು ಕಾಣುತ್ತದೆ.

ಮೊದಲ ವರ್ಷ

ಬೇರು ಕಂಡ ಮೇಲೆ ಮುಚ್ಚಳವನ್ನು ಒಂದು ವಾರದಲ್ಲಿ ಸ್ವಲ್ಪ ಸ್ವಲ್ಪವಾಗಿ ತೆಗೆಯಿರಿ. ಆಮೇಲೆ ಒಂದೊಂದನ್ನೂ ಬೇರೆ ಬೇರೆ 4 ಇಂಚಿನ ಕುಂಡಕ್ಕೆ ಹಾಕಿ. ಕುಂಡಕ್ಕೆ ಹಾಕುವಾಗ ಬೇರನ್ನು ಸುತ್ತಲೂ ಹರಡಿ. ಕೆಳಮುಖವಾಗಿ ಇಳಿದದ್ದನ್ನು ಮೊಟಕು ಮಾಡಿ. ಒಂದೇ ಕಡೆ ಬೇರು ಬಂದ ಗಿಡವನ್ನು ಯಾರಿಗಾದರೂ ಕೊಟ್ಟುಬಿಡಿ, ಇಲ್ಲವೇ ನೆಲದಲ್ಲಿ ನೆಟ್ಟು ಮುಂದಿನ ಕಡ್ಡಿಗಳಿಗೆ ತಾಯಿಗಿಡ ಮಾಡಿಕೊಳ್ಳಿ.

ಕಾಂಡಕ್ಕೆ ಬಳುಕು ಬೇಕಿದ್ದರೆ ಅದನ್ನು ಈಗಲೇ ಕೊಡಬೇಕು. ಈ ಪದ್ಧತಿಯಲ್ಲಿ ತಂತಿ ನಿಜವಾಗಿ ಬೇಕಾಗುವ ಜಾಗ ಇದೊಂದೇ. 1.5 ಅಥವಾ 2 ಮಿ.ಮೀ. ಅಲ್ಯೂಮಿನಿಯಂ ತಂತಿಯ ಒಂದು ತುದಿಯನ್ನು ಮಣ್ಣಿಗೆ ಚುಚ್ಚಿ, 45 ಡಿಗ್ರಿ ಓರೆಯಲ್ಲಿ ಸುತ್ತುತ್ತಾ ಮೇಲೆ ಹೋಗಿ. ಆಮೇಲೆ ಎರಡೂ ಕೈಯಲ್ಲಿ ಹಿಡಿದು ನಿಧಾನ ಬಗ್ಗಿಸಿ. ಬರೀ ಎಡ ಬಲ ಬಗ್ಗಿಸಿದರೆ ಮುಂದಿನಿಂದ ಹಾವಿನ ನಡೆ, ಪಕ್ಕದಿಂದ ನೋಡಿದರೆ ನೇರ ಕಡ್ಡಿ. ಸ್ವಲ್ಪ ಮುಂದಕ್ಕೂ ಹಿಂದಕ್ಕೂ ತಿರುಗಿಸಿ. ಅತಿಯಾಗಿ ಬಗ್ಗಿಸಬೇಡಿ. ಕಾಂಡ ದಪ್ಪವಾದಂತೆ ಮೆಲ್ಲಗಿನ ಬಳುಕು ಮಾಯವಾಗುತ್ತದೆ ನಿಜ, ಆದರೆ ಎಸ್ ಆಕಾರದಲ್ಲಿ ಒಂದೇ ಅಳತೆಯ ತಿರುವುಗಳಿರುವ ಅಂಗಡಿ ಗಿಡಗಳನ್ನು ನೋಡಿದ್ದೀರಲ್ಲ, ಅದು ಮರದ ಹಾಗೆ ಕಾಣುವುದಿಲ್ಲ.

ಚಿಗುರುವ ಕಾಲದಲ್ಲಿ ಎರಡು ವಾರಕ್ಕೊಮ್ಮೆ ತಂತಿ ನೋಡಿ. ನಮ್ಮ ಹವೆಯಲ್ಲಿ ಎರಡು ಮೂರು ತಿಂಗಳಲ್ಲೇ ಅದು ತೊಗಟೆಗೆ ಕಚ್ಚಲು ಶುರು ಮಾಡುತ್ತದೆ. ಬಿಚ್ಚುವಾಗ ಸುರುಳಿ ಸುತ್ತುತ್ತಾ ತೆಗೆಯುವ ಬದಲು ತುಂಡು ತುಂಡಾಗಿ ಕತ್ತರಿಸಿ ತೆಗೆಯಿರಿ. ಕಾಸು ಉಳಿಸಲು ಹೋದರೆ ರೆಂಬೆ ಮುರಿಯುತ್ತದೆ.

ಬೊಡ್ಡೆ ದಪ್ಪವಾಗುವವರೆಗೆ ತಟ್ಟೆ ಬೇಡ

ಕಡ್ಡಿಗೆ ಬೇರು ಬಂದ ಕೂಡಲೇ ಚೆಂದದ ಬೋನ್ಸಾಯ್ ತಟ್ಟೆಗೆ ಹಾಕಿ ಫೋಟೋ ತೆಗೆಯುವವರು ಬಹಳ. ಆ ತಟ್ಟೆಯಲ್ಲಿ ಗಿಡ ಬದುಕುತ್ತದೆ, ಬೆಳೆಯುವುದಿಲ್ಲ. ಐದು ವರ್ಷ ಆದರೂ ಪೆನ್ಸಿಲ್ ದಪ್ಪವೇ. ಕಾಂಡ ದಪ್ಪವಾಗುವುದು ಮೇಲೆ ಎಲೆ, ರೆಂಬೆ ಜಾಸ್ತಿ ಇದ್ದಾಗ. ಹಾಗಾಗಿ ಎರಡನೇ ವರ್ಷದಿಂದ ಗಿಡವನ್ನು ನೆಲಕ್ಕೆ ಹಾಕಿ. ಜಾಗ ಇಲ್ಲದಿದ್ದರೆ 12 ಇಂಚಿನ ಗ್ರೋಬ್ಯಾಗ್ ಸಾಕು. ಗಿಡದ ಬುಡದಡಿಗೆ ಒಂದು ಚಪ್ಪಟೆ ಟೈಲ್ಸ್ ಚೂರು ಇಡಿ. ಬೇರು ಕೆಳಗಿಳಿಯದೆ ಪಕ್ಕಕ್ಕೆ ಹರಡುತ್ತದೆ.

ಈಗ ಕತ್ತರಿಯನ್ನು ಮರೆತುಬಿಡಿ. ಗಿಡ ಆಳೆತ್ತರ ಹೋಗಲಿ, ಕೆದರಿದ ಪೊದೆಯ ಹಾಗೆ ಕಾಣಲಿ. ಮನೆಯವರು ಕೇಳುತ್ತಾರೆ, "ಇದೇನು ಬೋನ್ಸಾಯ್ ಅಂತೀರಿ, ಬೇಲಿ ಗಿಡ ಆಗಿದೆ?" ಅಂತ. ಆಗಲಿ. ಕೆಳಗಿನ ಒಂದೆರಡು ರೆಂಬೆಗಳನ್ನೂ ಹಾಗೇ ಉದ್ದಕ್ಕೆ ಬಿಡಿ. ಅವು ಕೊನೆಗೆ ಉಳಿಯುವ ರೆಂಬೆಗಳಲ್ಲ, ಬೊಡ್ಡೆಯನ್ನು ದಪ್ಪ ಮಾಡಲು ಇಟ್ಟುಕೊಂಡವು. ಕೆಲಸ ಮುಗಿದ ಮೇಲೆ ಬುಡಕ್ಕೇ ತೆಗೆದರಾಯಿತು.

ಎಷ್ಟು ದಪ್ಪ ಬೇಕು? ಬೊಡ್ಡೆಯ ದಪ್ಪದ ಆರರಷ್ಟು ಎತ್ತರ ಇದ್ದರೆ ಮರ ಗಟ್ಟಿಯಾಗಿ ಕಾಣುತ್ತದೆ ಅನ್ನುವುದು ಬೋನ್ಸಾಯ್‌ನವರ ಲೆಕ್ಕ. 24 ಸೆಂ.ಮೀ. ಮರಕ್ಕೆ 4 ಸೆಂ.ಮೀ. ಬೊಡ್ಡೆ. ನೆಲದಲ್ಲಾದರೆ ಮೂರು ನಾಲ್ಕು ವರ್ಷ, ಗ್ರೋಬ್ಯಾಗಿನಲ್ಲಾದರೆ ಇನ್ನೂ ಒಂದೆರಡು ವರ್ಷ ಹಿಡಿಯಬಹುದು. ಅಷ್ಟು ಕಾಯಲಾಗದವರು 12 ಸೆಂ.ಮೀ. ಎತ್ತರದ ಪುಟ್ಟ ಮರ ಮಾಡಲಿ. ಹೆಬ್ಬೆರಳ ದಪ್ಪದ ಬೊಡ್ಡೆ ಅದಕ್ಕೆ ಸಾಕು.

ಕತ್ತರಿಯ ಕೆಲಸ

ಜನವರಿ ಕೊನೆ ಅಥವಾ ಫೆಬ್ರವರಿ ಆರಂಭದಲ್ಲಿ, ಹೊಸ ಚಿಗುರು ಒಡೆಯುವ ಮುಂಚೆ, ಕಾಂಡವನ್ನು ಕತ್ತರಿಸಿ. ಎಲ್ಲಿಗೆ? ಕೊನೆಗೆ ಬೇಕಾದ ಎತ್ತರದ ಮೂರನೇ ಒಂದರಷ್ಟಕ್ಕೆ. ಅಂದರೆ 24 ಸೆಂ.ಮೀ. ಮರ ಬೇಕಿದ್ದರೆ ನೆಲದಿಂದ 8 ಸೆಂ.ಮೀ. ಬಿಟ್ಟು ಮೇಲಿನದ್ದೆಲ್ಲ ಹೋಗಬೇಕು. ಹೊಟ್ಟೆ ಉರಿಯುತ್ತದೆ, ಗೊತ್ತು. ಮೂರು ವರ್ಷ ಬೆಳೆಸಿದ ಗಿಡ ಒಂದು ಮೋಟು ಆಗಿ ನಿಲ್ಲುತ್ತದೆ. ಆದರೆ ಎಲ್ಮ್ ಇದಕ್ಕೇ ಹುಟ್ಟಿದ ಮರ. ಆರೋಗ್ಯವಾಗಿದ್ದರೆ ಕೆಲವೇ ವಾರದಲ್ಲಿ ಕಾಂಡದ ಮೇಲೆಲ್ಲ, ಕತ್ತರಿಸಿದ ಅಂಚಿನ ಸುತ್ತ, ಮೊಗ್ಗೆಗಳು ಒಡೆಯುತ್ತವೆ.

ಮೊದಲ ಸಲ ಅಡ್ಡಡ್ಡ ಕತ್ತರಿಸಿ, ಗಾಯಕ್ಕೆ ವೂಂಡ್ ಪೇಸ್ಟ್ (ಕತ್ತರಿಸಿದ ಜಾಗ ಮುಚ್ಚುವ ಲೇಪ) ಹಚ್ಚಿ. ಚಿಗುರುಗಳಲ್ಲಿ ಗಟ್ಟಿಯಾದ, ಸರಿಯಾದ ದಿಕ್ಕಿನ ಒಂದನ್ನು ಮುಂದಿನ ಕಾಂಡ ಅಂತ ಆರಿಸಿ. ರೆಂಬೆಗಳಿಗಾಗಿ ಕೆಳಗೆ ಎರಡು ಮೂರು ಉಳಿಸಿ. ಅಂಚಿನಲ್ಲಿ ಗುಂಪಾಗಿ ಬಂದ ಉಳಿದ ಚಿಗುರನ್ನು ಬೆರಳಿನಿಂದಲೇ ಉಜ್ಜಿ ತೆಗೆಯಿರಿ. ಬಿಟ್ಟರೆ ಅಲ್ಲಿ ಕಾಂಡ ಊದಿಕೊಂಡು ಗಂಟಾಗುತ್ತದೆ, ಆ ಗಂಟು ಆಮೇಲೆ ಹೋಗುವುದಿಲ್ಲ. ಒಂದು ವರ್ಷದ ನಂತರ, ಹೊಸ ಕಾಂಡ ಭದ್ರವಾದ ಮೇಲೆ, ಉಳಿದ ಮೋಟನ್ನು ಅದರ ಹಿಂಬದಿಯಿಂದ ಓರೆಯಾಗಿ ಕತ್ತರಿಸಿ ನಯ ಮಾಡಿ.

ಹೊಸ ಕಾಂಡವನ್ನೂ ಉದ್ದಕ್ಕೆ ಬಿಡಿ. ಅದು ಕೆಳಗಿನ ಕಾಂಡದ ಮೂರನೇ ಎರಡರಷ್ಟು ದಪ್ಪ ಆದ ಮೇಲೆ ಅದನ್ನೂ ಕತ್ತರಿಸಿ. ಈ ಸಲ ಇನ್ನೂ ಕಡಿಮೆ ಉದ್ದ ಉಳಿಸಿ, ಮತ್ತು ಬೇರೆ ದಿಕ್ಕಿಗೆ ಹೊರಡುವ ಮೊಗ್ಗೆಯ ಮೇಲೆ. ಹೀಗೆ ಮೂರು ಸಲ ಮಾಡಿದರೆ ಬುಡದಿಂದ ತುದಿಗೆ ಸಣ್ಣಗಾಗುತ್ತಾ ಹೋಗುವ, ಪ್ರತಿ ತುಂಡಿಗೂ ದಿಕ್ಕು ಬದಲಿಸುವ ಕಾಂಡ ಸಿಗುತ್ತದೆ. ತಂತಿಯಿಂದ ಬಳುಕು ಬರುತ್ತದೆ, ಆದರೆ ಹೀಗೆ ಸಣ್ಣಗಾಗುವುದು ಕತ್ತರಿಯಿಂದ ಮಾತ್ರ ಬರುತ್ತದೆ.

ರೆಂಬೆಗೂ ಇದೇ ನಿಯಮ, ಅಳತೆ ಮಾತ್ರ ಚಿಕ್ಕದು. ಇಲ್ಲಿ ಒಂದು ಗುಟ್ಟು ಇದೆ. ಎಲ್ಮ್‌ನಲ್ಲಿ ಪ್ರತಿ ಎಲೆಯ ಕಂಕುಳಲ್ಲಿ ಒಂದು ಮೊಗ್ಗೆ ಇರುತ್ತದೆ, ಮತ್ತು ಆ ಎಲೆ ಯಾವ ಕಡೆ ನೋಡುತ್ತಿದೆಯೋ ಹೊಸ ರೆಂಬೆ ಅದೇ ಕಡೆ ಹೊರಡುತ್ತದೆ. ಆದ್ದರಿಂದ ಕತ್ತರಿಸುವ ಮೊದಲು ಕೊನೆಯದಾಗಿ ಉಳಿಯುವ ಎಲೆಯನ್ನು ನೋಡಿ. ಅದು ಎಡಕ್ಕಿದ್ದರೆ ಮುಂದಿನ ರೆಂಬೆ ಎಡಕ್ಕೆ. ಬಲಕ್ಕೆ ಬೇಕಿದ್ದರೆ ಒಂದು ಎಲೆ ಮೇಲೆ ಅಥವಾ ಕೆಳಗೆ ಕತ್ತರಿಸಿ. ಕಾಂಡದ ಕಡೆಗೆ ಒಳಮುಖವಾಗಿ ನೋಡುವ ಎಲೆಯ ಮೇಲೆ ಎಂದೂ ನಿಲ್ಲಿಸಬೇಡಿ.

ರೆಂಬೆ ಇನ್ನೂ ದಪ್ಪ ಆಗಬೇಕಿದ್ದರೆ ಅದನ್ನು ಒಂದಡಿ ಉದ್ದ ಹೋಗಲು ಬಿಟ್ಟು, ಆಮೇಲೆ ಎರಡು ಎಲೆಗೆ ಇಳಿಸಿ. ದಪ್ಪ ಸಾಕು, ಕವಲು ಬೇಕು ಅಂದರೆ ಆರೆಂಟು ಎಲೆ ಬಂದ ಕೂಡಲೇ ಎರಡಕ್ಕೆ ಇಳಿಸಿ. ಪ್ರತಿ ಸಲವೂ ಒಂದು ಎರಡಾಗುತ್ತದೆ, ಎರಡು ನಾಲ್ಕಾಗುತ್ತದೆ. ಜೂನ್‌ನಿಂದ ನವೆಂಬರ್‌ವರೆಗೆ ನಮ್ಮಲ್ಲಿ ಇದನ್ನು ಹಲವು ಸಲ ಮಾಡಬಹುದು. ಚಳಿ ದೇಶದವರಿಗೆ ಈ ಅನುಕೂಲ ಇಲ್ಲ.

ಯಾವ ರೆಂಬೆ ಉಳಿಸಬೇಕು? ಮೊದಲನೆಯದು ಎತ್ತರದ ಮೂರನೇ ಒಂದರ ಸುಮಾರಿಗೆ ಒಂದು ಪಕ್ಕಕ್ಕೆ, ಎರಡನೆಯದು ಸ್ವಲ್ಪ ಮೇಲೆ ಇನ್ನೊಂದು ಪಕ್ಕಕ್ಕೆ, ಮೂರನೆಯದು ಹಿಂದಕ್ಕೆ. ಹಿಂದಿನ ರೆಂಬೆ ಇಲ್ಲದಿದ್ದರೆ ಮರಕ್ಕೆ ಆಳವೇ ಬರುವುದಿಲ್ಲ. ತಿರುವಿನ ಹೊರಬದಿಯಿಂದ ಹೊರಟ ರೆಂಬೆ ಚೆಂದ, ಒಳಬದಿಯದ್ದು ಬೇಡ. ಒಂದೇ ಮಟ್ಟದಲ್ಲಿ ಎದುರುಬದುರು ಹೊರಟ ಎರಡು ರೆಂಬೆ ಸೈಕಲ್ ಹ್ಯಾಂಡಲ್ ಥರ ಕಾಣುತ್ತವೆ, ಒಂದನ್ನು ತೆಗೆಯಿರಿ. ಇವನ್ನೆಲ್ಲ ಕಟ್ಟುನಿಟ್ಟಿನ ಕಾನೂನು ಅಂದುಕೊಳ್ಳಬೇಡಿ. ಕಬ್ಬನ್ ಪಾರ್ಕಿನ ದೊಡ್ಡ ಮರಗಳ ಕೆಳಗೆ ಒಮ್ಮೆ ನಿಂತು ನೋಡಿ, ಅರ್ಧ ನಿಯಮ ಅಲ್ಲೇ ಮುರಿದಿರುತ್ತದೆ. ಎಲ್ಮ್ ಅಗಲವಾದ ನೆತ್ತಿಯ ಮರ, ಪೈನ್ ಹಾಗೆ ಚೂಪು ತ್ರಿಕೋನ ಮಾಡಿದರೆ ಒಪ್ಪುವುದಿಲ್ಲ.

ಇನ್ನೊಂದು ಮಾತು. ಗಿಡದ ಶಕ್ತಿ ಯಾವಾಗಲೂ ತುದಿಗೆ ಓಡುತ್ತದೆ. ಎಲ್ಲ ಕಡೆ ಒಂದೇ ಸಮ ಕತ್ತರಿಸಿದರೆ ಕೆಲವು ವರ್ಷದಲ್ಲಿ ನೆತ್ತಿ ದಟ್ಟವಾಗಿ, ಕೆಳಗಿನ ರೆಂಬೆ ಸೊರಗುತ್ತದೆ. ನೆತ್ತಿಯನ್ನು ಬಿಗಿಯಾಗಿ ಸವರಿ, ಕೆಳಗಿನವನ್ನು ಸ್ವಲ್ಪ ಉದ್ದಕ್ಕೇ ಬಿಡಿ.

ತಟ್ಟೆಗೆ ಹಾಕುವುದು

ಕಾಂಡವೂ ಮುಖ್ಯ ರೆಂಬೆಗಳೂ ಆದ ಮೇಲೆ, ಫೆಬ್ರವರಿ ಹೊತ್ತಿಗೆ, ತಟ್ಟೆಗೆ ಬದಲಿಸಿ. ಉದ್ದ ಮರದ ಎತ್ತರದ ಮೂರನೇ ಎರಡರಷ್ಟು, ಆಳ ಬೊಡ್ಡೆಯ ದಪ್ಪದಷ್ಟು ಇರಲಿ. ಜಪಾನಿನವರು ಬಳಸುವ ಅಕಡಾಮಾ ಮಣ್ಣು ಇಲ್ಲಿ ದುಬಾರಿ, ಅದರ ಅಗತ್ಯವೂ ಇಲ್ಲ. ಚೆನ್ನಾಗಿ ಸುಟ್ಟ ಹಳೆಯ ಇಟ್ಟಿಗೆಯನ್ನು ಕುಟ್ಟಿ, 3ರಿಂದ 5 ಮಿ.ಮೀ. ಚೂರುಗಳನ್ನು ಜರಡಿಯಲ್ಲಿ ಆರಿಸಿ, ತೊಳೆದುಕೊಳ್ಳಿ. ಇಟ್ಟಿಗೆ ಚೂರು ಎರಡು ಪಾಲು, ದಪ್ಪ ಮರಳು ಒಂದು ಪಾಲು, ಎರೆಗೊಬ್ಬರ ಒಂದು ಪಾಲು. ತೋಟದ ಕೆಂಪು ಮಣ್ಣನ್ನು ನೇರವಾಗಿ ತುಂಬಬೇಡಿ, ಆಳವಿಲ್ಲದ ತಟ್ಟೆಯಲ್ಲಿ ಅದು ಗಟ್ಟಿಯಾಗಿ ಕೂತು ಬೇರಿಗೆ ಗಾಳಿ ಸಿಗುವುದಿಲ್ಲ.

ತೂತಿಗೆ ಜಾಲರಿ ಹಾಕಿ, ಅದರ ಮೂಲಕವೇ ತಂತಿ ತಂದು ಬೇರಿನ ಮುದ್ದೆಯನ್ನು ಬಿಗಿಯಾಗಿ ಕಟ್ಟಿ. ಗಾಳಿಗೆ ಗಿಡ ಅಲ್ಲಾಡಿದರೆ ಹೊಸ ಬೇರು ಹಿಡಿಯುವುದಿಲ್ಲ. ದಪ್ಪ ಬೇರುಗಳನ್ನು ಕಡಿಮೆ ಮಾಡಿ, ನವಿರಾದವನ್ನು ಉಳಿಸಿ. ಮೂರನೇ ಒಂದರಷ್ಟು ಬೇರು ತೆಗೆದರೂ ಎಲ್ಮ್ ತಡೆದುಕೊಳ್ಳುತ್ತದೆ. ಎರಡು ಮೂರು ವಾರ ನೆರಳಲ್ಲಿಡಿ, ಒಂದು ತಿಂಗಳು ಗೊಬ್ಬರ ಬೇಡ.

ತೆಗೆದ ದಪ್ಪ ಬೇರುಗಳನ್ನು ಎಸೆಯಬೇಡಿ. ಎಲ್ಮ್ ಬೇರಿನ ತುಂಡಿನಿಂದಲೂ ಗಿಡವಾಗುತ್ತದೆ, ಹಲವು ಸಲ ಕಡ್ಡಿಗಿಂತ ಸುಲಭವಾಗಿ. ಪೆನ್ಸಿಲ್ ದಪ್ಪದ ತುಂಡನ್ನು, ಕಾಂಡದ ಕಡೆ ಇದ್ದ ತುದಿ ಮೇಲೆ ಬರುವಂತೆ, ಒಂದು ಸೆಂ.ಮೀ. ಹೊರಗೆ ಬಿಟ್ಟು ನೆಡಿ. ಬೇರು ಸಹಜವಾಗಿಯೇ ಸೊಟ್ಟಗಿರುತ್ತದೆ, ತಂತಿಯ ಕೆಲಸವೂ ಉಳಿಯುತ್ತದೆ.

ಬಿಸಿಲು, ನೀರು, ಗೊಬ್ಬರ, ಹುಳ

ಇದನ್ನು ಒಳಾಂಗಣ ಗಿಡ ಅಂತ ಮಾರುತ್ತಾರೆ. ನಂಬಬೇಡಿ. ದಿನಕ್ಕೆ ನಾಲ್ಕೈದು ಗಂಟೆ ಬೆಳಗಿನ ಬಿಸಿಲು ಬೇಕು. ಟೆರೇಸಿನ ಕಾಂಕ್ರೀಟಿನ ಮೇಲೆ ನೇರವಾಗಿ ಇಡದೆ ಇಟ್ಟಿಗೆ ಅಥವಾ ಸ್ಟ್ಯಾಂಡ್ ಮೇಲಿಡಿ, ಇಲ್ಲದಿದ್ದರೆ ಏಪ್ರಿಲ್‌ನಲ್ಲಿ ಬೇರು ಬೇಯುತ್ತದೆ. ಕಲಬುರಗಿ, ರಾಯಚೂರಿನ ಕಡೆಯವರಿಗೆ ಬೇಸಿಗೆಯಲ್ಲಿ ಶೇಡ್ ನೆಟ್ ಬೇಕೇ ಬೇಕು. ಮಂಗಳೂರು, ಉಡುಪಿಯವರ ಕಷ್ಟ ಬೇರೆ. ಮಳೆಗಾಲದಲ್ಲಿ ತಟ್ಟೆಯನ್ನು ಮಾಡಿನ ಕೆಳಗೆ ಎಳೆದಿಟ್ಟು, ಮಿಶ್ರಣದಲ್ಲಿ ಗೊಬ್ಬರದ ಪಾಲು ಇಳಿಸಿ, ಇಟ್ಟಿಗೆ ಚೂರು ಹೆಚ್ಚಿಸಿ.

ನೀರಿಗೆ ವೇಳಾಪಟ್ಟಿ ಇಲ್ಲ. ಬೆರಳಿಟ್ಟು ನೋಡಿ, ಮೇಲ್ಪದರ ಒಣಗುತ್ತಿದ್ದರೆ ತೂತಿನಿಂದ ಇಳಿಯುವಷ್ಟು ಹಾಕಿ. ಬೇಸಿಗೆಯಲ್ಲಿ ದಿನಕ್ಕೆ ಎರಡು ಸಲ ಆಗಬಹುದು. ಬೋರ್‌ವೆಲ್ ನೀರು ಗಡುಸಾಗಿದ್ದರೆ ಕುಂಡದ ಅಂಚಲ್ಲಿ ಬಿಳಿ ಪುಡಿ ಕೂರುತ್ತದೆ, ಸಾಧ್ಯವಾದಾಗ ಮಳೆ ನೀರು ಹಿಡಿದಿಟ್ಟು ಹಾಕಿ.

ಗೊಬ್ಬರಕ್ಕೆ ಕಡಲೆಕಾಯಿ ಹಿಂಡಿಯನ್ನು ಎರಡು ಮೂರು ದಿನ ನೆನೆಸಿ, ಹತ್ತರಷ್ಟು ನೀರು ಬೆರೆಸಿ ಎರಡು ವಾರಕ್ಕೊಮ್ಮೆ ಹಾಕಿದರೆ ಸಾಕು. ವಾಸನೆ ಬರುತ್ತದೆ, ಪಕ್ಕದ ಮನೆಯವರ ಜೊತೆ ಸಂಬಂಧ ನೋಡಿಕೊಂಡು ಮಾಡಿ. ಬೇವಿನ ಹಿಂಡಿಯನ್ನು ಮಣ್ಣಿನ ಮೇಲೆ ಉದುರಿಸಿದರೂ ನಡೆಯುತ್ತದೆ.

ಹಿಟ್ಟು ತಿಗಣೆ, ಸಸ್ಯ ಹೇನು, ಬೇಸಿಗೆಯಲ್ಲಿ ಎಲೆಯಡಿಗೆ ಕೆಂಪು ನುಸಿ, ಇವು ಸಾಮಾನ್ಯ. ಮೊದಲು ನೀರಿನ ರಭಸಕ್ಕೆ ಎಲೆಯಡಿ ತೊಳೆಯಿರಿ. ಆಮೇಲೂ ಇದ್ದರೆ ಲೀಟರ್ ನೀರಿಗೆ 5 ಮಿ.ಲೀ. ಬೇವಿನ ಎಣ್ಣೆ, ಎರಡು ಹನಿ ಸೋಪಿನ ದ್ರಾವಣ ಬೆರೆಸಿ ಸಂಜೆ ಸಿಂಪಡಿಸಿ. ಗಿಡದೊಳಗೆ ಸೇರಿ ಕೆಲಸ ಮಾಡುವ ರಾಸಾಯನಿಕ ಔಷಧಿ ಚೈನೀಸ್ ಎಲ್ಮ್‌ಗೆ ಅಷ್ಟಾಗಿ ಆಗಿಬರುವುದಿಲ್ಲ, ಎಲೆ ಉದುರಿಸಿಬಿಡಬಹುದು.

ಜನವರಿಯಲ್ಲಿ ಎಲೆ ತೆಗೆಯುವುದು

ತನ್ನ ದೇಶದ ಚಳಿಯಲ್ಲಿ ಈ ಮರ ಎಲೆ ಉದುರಿಸುತ್ತದೆ. ನಮ್ಮಲ್ಲಿ ಅರ್ಧ ಉದುರಿಸಿ, ಅರ್ಧ ಹಳೆಯ ಎಲೆ ಹಾಗೇ ಇಟ್ಟುಕೊಂಡು ಕೂರುತ್ತದೆ. ಜನವರಿ ಕೊನೆಗೆ ಆ ಹಳೆಯ ಎಲೆಗಳನ್ನು ತೊಟ್ಟು ಉಳಿಸಿ ಕತ್ತರಿಸಿದರೆ ಎಲ್ಲ ಕಡೆ ಒಟ್ಟಿಗೆ, ಚಿಕ್ಕ ಹೊಸ ಎಲೆ ಬರುತ್ತದೆ. ಎಲೆ ಇಲ್ಲದ ಆ ಕೆಲವು ದಿನಗಳಲ್ಲಿ ರೆಂಬೆಗಳ ಹೆಣಿಗೆ ಪೂರ್ತಿ ಕಾಣುತ್ತದೆ, ತಪ್ಪು ಕವಲು ಹುಡುಕಿ ತೆಗೆಯಲು ಅದಕ್ಕಿಂತ ಒಳ್ಳೆಯ ಸಮಯ ಇಲ್ಲ. ಆ ವರ್ಷ ತಟ್ಟೆ ಬದಲಿಸಿ ಬೇರು ಕತ್ತರಿಸುವವರಿದ್ದರೆ ಮಾತ್ರ ಎಲ್ಲ ಎಲೆಯನ್ನೂ ಒಟ್ಟಿಗೆ ತೆಗೆಯಬೇಡಿ. ಸೊರಗಿದ ಗಿಡಕ್ಕಂತೂ ಈ ಕೆಲಸ ಬೇಡ, ಅದನ್ನು ಮುಂದಿನ ವರ್ಷಕ್ಕೆ ಬಿಡಿ.